ಮೈಕ್ರೋ-ಮ್ಯಾನೇಜರ್ 2.0: ಸೂಕ್ಷ್ಮದರ್ಶಕದ ಕಂಪ್ಯೂಟರಿಗೆ ಎರಡನೇ ತಂತ್ರಾಂಶ ಹಾಕಬಹುದೇ?

ತಯಾರಕರ ತಂತ್ರಾಂಶ ಇರುವಾಗಲೇ ಅದರ ಪಕ್ಕದಲ್ಲಿ ಮೈಕ್ರೋ-ಮ್ಯಾನೇಜರ್ ಹಾಕಬಹುದು. ಈಗಾಗಲೇ ಸರಿಯಾಗಿ ನಡೆಯುತ್ತಿರುವ ಕ್ಯಾಮೆರಾ ಡ್ರೈವರ್‌ಗೆ ಕೈ ಹಚ್ಚಬಾರದು, ಅಷ್ಟೇ. ಇಲ್ಲಿ ಕೆಡುವ ಕೆಲಸಗಳಲ್ಲಿ ಹೆಚ್ಚಿನವು ಕೆಡುವುದು ಅಲ್ಲೇ.

ಮೈಕ್ರೋ-ಮ್ಯಾನೇಜರ್ ಸೂಕ್ಷ್ಮದರ್ಶಕವನ್ನು ನಡೆಸುವ ಉಚಿತ, ಮುಕ್ತ ಆಕರದ ತಂತ್ರಾಂಶ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ರಾನ್ ವೇಲ್ ಅವರ ಪ್ರಯೋಗಾಲಯದಲ್ಲಿ ಶುರುವಾಯಿತು. ಇಮೇಜ್‌ಜೆ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶ ಅದರೊಳಗೇ ಇರುತ್ತದೆ. ಸೂಕ್ಷ್ಮದರ್ಶಕದ ಸ್ಟ್ಯಾಂಡ್ ಒಂದು ಕಂಪನಿಯದು, ಕ್ಯಾಮೆರಾ ಇನ್ನೊಂದರದು, ಸ್ಲೈಡ್ ಇಡುವ ಸ್ಟೇಜ್ ಮೂರನೆಯದರದು ಎಂಬಂಥ ಕೂಡಿಕೆಯನ್ನು ಒಂದೇ ಕಿಟಕಿಯಿಂದ ನಡೆಸಲು ಇದರಷ್ಟು ಒದಗುವ ಸಾಧನ ಮತ್ತೊಂದಿಲ್ಲ.

ಮೊದಲ ಕೆಲಸ ಡೌನ್‌ಲೋಡ್ ಅಲ್ಲ, ಡಿಸ್ಕ್ ಇಮೇಜ್. ಕ್ಲೋನ್‌ಜಿಲ್ಲಾದಂಥ ಸಾಧನದಿಂದ ಸಿ ಡ್ರೈವ್ ಪೂರ್ತಿಯನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ತಯಾರಕರ ತಂತ್ರಾಂಶದ ಆವೃತ್ತಿ, ಡಿವೈಸ್ ಮ್ಯಾನೇಜರ್‌ನಲ್ಲಿ ಕಾಣುವ ಕಾಮ್ ಪೋರ್ಟ್ (ಸಾಧನಗಳ ಸೀರಿಯಲ್ ಸಂಪರ್ಕ) ಸಂಖ್ಯೆಗಳು, ಕ್ಯಾಮೆರಾ ಡ್ರೈವರಿನ ಆವೃತ್ತಿ, ಮೂರನ್ನೂ ಕಾಗದದ ಮೇಲೆ ಬರೆದಿಡಿ. ಸರ್ವಿಸ್ ಒಪ್ಪಂದ ಚಾಲ್ತಿಯಲ್ಲಿದ್ದರೆ, ಹೊರಗಿನ ತಂತ್ರಾಂಶ ಹಾಕಿದರೂ ಅದು ಊರ್ಜಿತವೇ ಎಂದು ಎಂಜಿನಿಯರ್‌ರಿಂದ ಲಿಖಿತವಾಗಿ ಕೇಳಿಕೊಳ್ಳಿ.

ತಂತ್ರಾಂಶ ಹಾಕುವುದು ಕೆಲವೇ ನಿಮಿಷದ ಮಾತು. ಹಳೆಯ ಆವೃತ್ತಿಯ ಫೋಲ್ಡರ್ ಮೇಲೆಯೇ ಹಾಕಬೇಡಿ, ಹೊಸ ಫೋಲ್ಡರ್ ಕೊಡಿ. ಸಾಧನಕ್ಕೂ ತಂತ್ರಾಂಶಕ್ಕೂ ಕೊಂಡಿಯಾಗುವ ಹಳೆಯ ಅಡಾಪ್ಟರ್ ಕಡತಗಳು ಉಳಿದುಕೊಂಡರೆ ಇಂಟರ್‌ಫೇಸ್ ಆವೃತ್ತಿ ತಾಳೆಯಾಗದೆ ಸಾಧನ ಲೋಡ್ ಆಗುವುದಿಲ್ಲ. ಮೊದಲು ಜೊತೆಗೆ ಬರುವ, ನಿಜವಾದ ಸಾಧನ ಬೇಕಿಲ್ಲದ ಡೆಮೊ ಕಾನ್ಫಿಗರೇಶನ್‌ನಲ್ಲಿ ಓಡಿಸಿ ನೋಡಿ. ಅದು ಓಡಿದರೆ ತಂತ್ರಾಂಶ ಸರಿಯಿದೆ; ಆಮೇಲೆ ಬರುವ ತೊಂದರೆಯನ್ನು ಹಾರ್ಡ್‌ವೇರ್ ಕಡೆ ಹುಡುಕಬೇಕು.

ಅಡಾಪ್ಟರ್ ತಾನಾಗಿ ಕ್ಯಾಮೆರಾ ನಡೆಸುವುದಿಲ್ಲ, ತಯಾರಕರ ಡ್ರೈವರನ್ನು ಕರೆದು ಅದರಿಂದ ಕೆಲಸ ಮಾಡಿಸುತ್ತದೆ. ಫೋಟೋಮೆಟ್ರಿಕ್ಸ್‌ಗೆ ಪಿವಿಕ್ಯಾಮ್, ಹಮಾಮಾತ್ಸುಗೆ ಡಿಕ್ಯಾಮ್-ಎಪಿಐ. ಇವು ಇಡೀ ವಿಂಡೋಸ್‌ಗೆ ಒಂದೇ ಪ್ರತಿಯಾಗಿ ಕೂರುವಂಥವು. ಹೊಸ ಅಡಾಪ್ಟರ್‌ಗಾಗಿ ಡ್ರೈವರ್ ಏರಿಸಿದರೆ, ಹಳೆಯ ಡ್ರೈವರನ್ನೇ ನೆಚ್ಚಿಕೊಂಡ ತಯಾರಕರ ತಂತ್ರಾಂಶಕ್ಕೆ ಮರುದಿನ ಕ್ಯಾಮೆರಾ ಕಾಣದೆ ಹೋಗಬಹುದು. ಆದ್ದರಿಂದ ಇರುವ ಡ್ರೈವರ್‌ಗೆ ಹೊಂದುವ ಮೈಕ್ರೋ-ಮ್ಯಾನೇಜರ್ ಆವೃತ್ತಿಯನ್ನು ಹುಡುಕಿ, ಡ್ರೈವರನ್ನು ಅದಕ್ಕೆ ಹೊಂದಿಸಲು ಹೋಗಬೇಡಿ.

ಎರಡೂ ತಂತ್ರಾಂಶಗಳನ್ನು ಒಟ್ಟಿಗೆ ತೆರೆಯಲೇಬಾರದು. ಒಂದು ಕಾಮ್ ಪೋರ್ಟನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಹಿಡಿಯಬಲ್ಲದು. ಕಿಟಕಿ ಮುಚ್ಚಿದರೂ ತಯಾರಕರ ಹಿನ್ನೆಲೆ ಸರ್ವಿಸ್ ಪೋರ್ಟ್ ಬಿಡದೆ ಕೂತಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ ನಿಲ್ಲಿಸಿ. ಸೀರಿಯಲ್ ಸಾಧನ ಉತ್ತರಿಸದಿದ್ದರೆ ಬಾಡ್ ದರ, ಎಂದರೆ ಸಂವಹನದ ವೇಗ ನೋಡಿ: ಹಳೆಯ ಸಾಧನಗಳಲ್ಲಿ ಹಲವು 9600 ಬಯಸುತ್ತವೆ, ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಣ ಬೋರ್ಡಿನ ಅಡಾಪ್ಟರ್‌ಗೆ 57600 ಬೇಕು. ಯುಎಸ್‌ಬಿ-ಸೀರಿಯಲ್ ಕೇಬಲನ್ನು ಬೇರೆ ತೂತಿಗೆ ಚುಚ್ಚಿದರೆ ಪೋರ್ಟ್ ಸಂಖ್ಯೆ ಬದಲಾಗಬಹುದು. ಕೇಬಲಿಗೂ ತೂತಿಗೂ ಒಂದೇ ಬಣ್ಣದ ಚೀಟಿ ಅಂಟಿಸಿದರೆ ಎಷ್ಟೋ ಬೆಳಗ್ಗೆಗಳು ಉಳಿಯುತ್ತವೆ.

ಹಾರ್ಡ್‌ವೇರ್ ಕಾನ್ಫಿಗರೇಶನ್ ವಿಝಾರ್ಡ್‌ನಲ್ಲಿ ಸಾಧನಗಳನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲವೂ ಕಡತ ಉಳಿಸಿ. ಪ್ರೋಗ್ರಾಂ ಫೈಲ್ಸ್‌ನೊಳಗೆ ಬರೆಯಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇರುವುದಿಲ್ಲ, ಡಿ ಡ್ರೈವ್‌ನಲ್ಲಿ ಇಡಿ. ಮೊದಲ ಸಲ ಫೋಕಸ್ ಚಲಿಸುವಾಗ ಸ್ಲೈಡ್ ತೆಗೆದು, 10ಎಕ್ಸ್ ಆಬ್ಜೆಕ್ಟಿವ್ ಇಟ್ಟು, 5 ಮೈಕ್ರಾನ್ ಹೆಜ್ಜೆಯಲ್ಲಿ ದಿಕ್ಕು ನೋಡಿಕೊಳ್ಳಿ. ದಿಕ್ಕು ತಿರುವುಮುರುವಾಗಿದ್ದರೆ ಎಣ್ಣೆಯ ಆಬ್ಜೆಕ್ಟಿವ್ ಗಾಜಿಗೆ ಬಡಿಯುತ್ತದೆ. ತಯಾರಕರ ತಂತ್ರಾಂಶದೊಳಗೆ ಇಟ್ಟ ಪಾರ್ಫೋಕಲ್ ತಿದ್ದುಪಡಿಗಳು (ಆಬ್ಜೆಕ್ಟಿವ್ ಬದಲಿಸಿದರೂ ಫೋಕಸ್ ಉಳಿಸುವಂಥವು) ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಆಬ್ಜೆಕ್ಟಿವ್ ಬದಲಿಸುವ ಮುನ್ನ ಫೋಕಸ್ ಕೆಳಗಿಳಿಸುವ ಅಭ್ಯಾಸ ಎಲ್ಲರಿಗೂ ಇರಲಿ.

ಚಿತ್ರದ ಒಂದು ಪಿಕ್ಸೆಲ್ ಎಂದರೆ ಸ್ಲೈಡಿನ ಮೇಲೆ ಎಷ್ಟು ಮೈಕ್ರಾನ್ ಎಂಬ ಅಳತೆಯನ್ನೂ ನಾವೇ ಕೊಡಬೇಕು. 6.5 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾ, 20ಎಕ್ಸ್ ಆಬ್ಜೆಕ್ಟಿವ್ ಎಂದರೆ 0.325. ನಡುವೆ 1.5ಎಕ್ಸ್ ಲೆನ್ಸ್ ಸಿಕ್ಕಿಸಿದ್ದರೆ 0.217. ಬಿನ್ನಿಂಗ್ (ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸುವುದು) 1ರ ಬೆಲೆಯನ್ನೇ ಕೊಡಿ, ಉಳಿದದ್ದನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಕೊನೆಗೆ ಸ್ಟೇಜ್ ಮೈಕ್ರೋಮೀಟರ್ (ಅಳತೆಯ ಗೆರೆಗಳಿರುವ ಸ್ಲೈಡ್) ಇಟ್ಟು ತಾಳೆ ನೋಡಿ.

ವೇಗದ ಚಿತ್ರಣದಲ್ಲಿ ತೊಂದರೆ ಹೆಚ್ಚಾಗಿ ಡಿಸ್ಕ್‌ನದು. 2048×2048 ಅಳತೆಯ 16 ಬಿಟ್ ಚಿತ್ರ ಒಂದಕ್ಕೆ 8 ಎಂಬಿ. ಸೆಕೆಂಡಿಗೆ 100 ಎಂದರೆ 800 ಎಂಬಿ. ಸಾಟಾ ಎಸ್‌ಎಸ್‌ಡಿ ಅಷ್ಟು ನುಂಗಲಾರದು, ಎನ್‌ವಿಎಂಇ ಬೇಕು. ಆಪ್ಷನ್ಸ್‌ನಲ್ಲಿ ಸೀಕ್ವೆನ್ಸ್ ಬಫರ್ (ಚಿತ್ರಗಳು ಡಿಸ್ಕಿಗೆ ಹೋಗುವ ಮುನ್ನ ಕಾಯುವ ಮೆಮೊರಿ) ಹೆಚ್ಚಿಸಿದರೆ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ, ನಿಧಾನದ ಡಿಸ್ಕಿಗೆ ಅದು ಮದ್ದಲ್ಲ. ದತ್ತಾಂಶದ ಫೋಲ್ಡರನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ, ನಿದ್ರೆ ಮತ್ತು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎರಡನ್ನೂ ಆಫ್ ಮಾಡಿ.

ಕೊರತೆಗಳೂ ಇವೆ. ಲೇಸರ್ ಬಿಂದುವನ್ನು ಓಡಿಸಿ ಚಿತ್ರ ತೆಗೆಯುವ ಪಾಯಿಂಟ್ ಸ್ಕ್ಯಾನಿಂಗ್ ಕಾನ್‌ಫೋಕಲ್ ನಡೆಸಲು ಇದನ್ನು ನಂಬಿಕೊಳ್ಳಬೇಡಿ. ಇದರ ಜಾಗ ಕ್ಯಾಮೆರಾ ಇರುವ ವೈಡ್‌ಫೀಲ್ಡ್, ಸ್ಪಿನ್ನಿಂಗ್ ಡಿಸ್ಕ್, ಪ್ರಯೋಗಾಲಯದಲ್ಲೇ ಕಟ್ಟಿದ ಲೈಟ್ ಶೀಟ್ ಸೂಕ್ಷ್ಮದರ್ಶಕಗಳು. ದೋಷ ಸಂದೇಶಗಳು ಒರಟು. ಅವನ್ನೇ ಓದುತ್ತ ಕೂರುವುದಕ್ಕಿಂತ ಕೋರ್‌ಲಾಗ್ಸ್ ಫೋಲ್ಡರಿನ ಕಡತ ತೆರೆದು, ಮೊದಲ ದೋಷದ ಸಾಲು ಹುಡುಕಿ. ಕೆಳಗಿನವು ಬಹುಪಾಲು ಅದರ ಬಾಲ. ವಿಶ್ಲೇಷಣೆಯ ಭಾರದ ತಂತ್ರಾಂಶಗಳನ್ನು ಈ ಕಂಪ್ಯೂಟರಿಗೆ ತುಂಬಲೇಬೇಡಿ. ಇಮೇಜ್‌ಜೆಯ ವಿಸ್ತೃತ ರೂಪವಾದ ಫಿಜಿ ಬೇಕಾದರೆ ಇನ್‌ಸ್ಟಾಲರ್ ಇಲ್ಲದೆ ಬೇರೆ ಫೋಲ್ಡರಿನಿಂದಲೇ ಓಡುತ್ತದೆ, ಅಷ್ಟು ಸಾಕು.