ಬೆರಳಿಗೆ ಹಾಕುವ ಆಕ್ಸಿಮೀಟರ್: ಇಡೀ ಬೀದಿ ಬಳಸಿದ ಮೇಲೆ

ಕೋವಿಡ್ ಎರಡನೇ ಅಲೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡ ಸುದ್ದಿ ಬಂದದ್ದು 2021ರ ಮೇ 3ರಂದು. ಪಕ್ಕದ ನಂಜನಗೂಡಿನಲ್ಲಿರುವ ನಮ್ಮ ಮನೆಗೆ ಆಕ್ಸಿಮೀಟರ್ ಬಂದದ್ದು ಆ ವಾರವೇ. ಅಂಗಡಿಯವರು ಹೇಳಿದ ಬೆಲೆಗೆ ಅಪ್ಪ ತುಟಿಪಿಟಕ್ಕೆನ್ನದೆ ದುಡ್ಡು ಕೊಟ್ಟರು. ಸರ್ಕಾರ ಇದರ ಮಾರಾಟದ ಲಾಭಕ್ಕೆ ಶೇ. 70ರ ಮಿತಿ ಹಾಕಿದ್ದು ಜುಲೈನಲ್ಲಿ. ಅಷ್ಟರಲ್ಲಿ ಕೊಳ್ಳಬೇಕಾದವರೆಲ್ಲ ಕೊಂಡಾಗಿತ್ತು.

ಯಂತ್ರ ಸರಳ. ಕೆಂಪು ಮತ್ತು ಅವಕೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ರಕ್ತ ಎಷ್ಟು ಬೆಳಕು ಹೀರಿತೆಂದು ನೋಡಿ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇಕಡಾದಲ್ಲಿ ಲೆಕ್ಕ ಹಾಕುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಎಡವುತ್ತದೆ. ಕಪ್ಪು ಚರ್ಮದವರಲ್ಲಿ ತುಸು ಹೆಚ್ಚು ತೋರಿಸಬಹುದು. ನಮ್ಮಂಥವರಿಗೆ ಮಾರುವ ಪೆಟ್ಟಿಗೆಯ ಮೇಲೆ ಈ ಬಗ್ಗೆ ಒಂದಕ್ಷರವೂ ಇಲ್ಲ.

ಎದುರು ಮನೆಯ ಅಜ್ಜಿ ಆಗಷ್ಟೇ ಪಾತ್ರೆ ತೊಳೆದು ಬಂದಿದ್ದರು. ಬೆರಳು ಇಟ್ಟರೆ 88. ಮಗ ಆಗಲೇ ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕಲು ಯಾರಿಗೋ ಫೋನ್ ಹಚ್ಚಿದ್ದರು, ಸೊಸೆ ಬಾಗಿಲಿನಿಂದಾಚೆ ಸರಿದು ನಿಂತಿದ್ದರು. ಅಜ್ಜಿ ಮಾತ್ರ ಸೆರಗಿನಲ್ಲಿ ಕೈ ಒರೆಸಿ, ಅಂಗೈ ಉಜ್ಜಿಕೊಂಡು, 'ಇನ್ನೊಂದು ಸಲ ಹಾಕು' ಎಂದರು. 97! ಮಗ ಫೋನ್ ಇಟ್ಟರು. ಸೊಸೆ ಮಾತ್ರ ಆ ದಿನವೆಲ್ಲ ಹತ್ತಿರ ಬರಲಿಲ್ಲ.

ಆಗ ನಾನು ದ್ವಿತೀಯ ಪಿಯು. ಪರೀಕ್ಷೆ ರದ್ದಾಗಿ ಮನೆಯಲ್ಲೇ ಇದ್ದುದರಿಂದ ಬೀದಿಯವರು ಒಯ್ಯಲೆಂದು ಕಾಂಪೌಂಡಿನ ಮೇಲೆ ಇದನ್ನು ಇಟ್ಟು, ವಾಪಸ್ ಬಂದಾಗ ಒರೆಸುವ ಕೆಲಸ ನನ್ನದು. ಹಿಂದಿನ ವರ್ಷ ಔಷಧ ಕಾರ್ಖಾನೆಯ ಸೋಂಕಿನಿಂದಾಗಿ ನಂಜನಗೂಡು ಎಂದರೆ ಮೈಸೂರಿನವರೂ ದೂರ ಸರಿಯುತ್ತಿದ್ದರು. ಆ ಅವಮಾನ ಉಂಡಿದ್ದ ಬೀದಿಯಲ್ಲೇ ಈಗ ಯಾರ ಮನೆಯವರು ಕೆಮ್ಮಿದರೆಂದು ಪಿಸುಗುಡುತ್ತಿದ್ದರು. ಕೇಳಿದರೆ ಎಲ್ಲರದ್ದೂ 98. 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕಾಣಬೇಕೆಂದು ಎಲ್ಲರಿಗೂ ಗೊತ್ತಿತ್ತು. ಜನ ಉಸಿರಿಗಿಂತ ಹೆಚ್ಚಾಗಿ ಅಕ್ಕಪಕ್ಕದವರ ಬಾಯಿಗೆ ಹೆದರಿದ್ದರು. ಈ ಮಾದರಿಯಲ್ಲಿ ಹಳೆಯ ಅಂಕಿ ಉಳಿಯುವುದಿಲ್ಲ, ಬೆರಳು ತೆಗೆದರೆ ಕೆಲವೇ ಕ್ಷಣಗಳಲ್ಲಿ ಪರದೆ ಆರಿಹೋಗುತ್ತದೆ. ವೈದ್ಯರಿಗೆ ಅದು ಕೊರತೆ, ನಮ್ಮ ಬೀದಿಗೆ ಅನುಕೂಲ.

ಬಾಳಿಕೆ ಪರವಾಗಿಲ್ಲ. ಯಾರೋ ಸ್ಯಾನಿಟೈಸರ್ ಸುರಿದೇ ತೊಳೆದಿದ್ದರಿಂದ ಪರದೆಯ ಮೇಲೆ ಅಡ್ಡಗೆರೆ ಬಿದ್ದು, 8 ಯಾವುದು, 6 ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕು. ಸೆಲ್ ಮುಚ್ಚಳ ಸಡಿಲ, ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ. ನಾಡಿಮಿಡಿತ ಇಂದಿಗೂ ಸರಿಯಾಗಿಯೇ ತೋರಿಸುತ್ತದೆ. ಗಡಿಯಾರ ಹಿಡಿದು ಎಣಿಸಿ ನೋಡಿದ್ದೇನೆ.

ಐದರಲ್ಲಿ ಮೂರು ನಕ್ಷತ್ರ. ಕೊಳ್ಳುವವರು ನಾಡಿಯ ಅಲೆಯನ್ನೂ ತೋರಿಸುವ ಪರದೆಯದ್ದನ್ನು ಆರಿಸಿಕೊಳ್ಳಿ. ಅಲೆ ಸ್ಥಿರವಾಗುವ ತನಕ ಅಂಕಿಯನ್ನು ನಂಬಬೇಡಿ, ಯಾರಿಗೂ ಫೋನ್ ಮಾಡಬೇಡಿ. ಬಳಸದಿದ್ದಾಗ ಸೆಲ್ ತೆಗೆದಿಡಿ.