ಹದಿನೇಳು ಇಂಚಿನ ಶೋಕಿ ಬಿಟ್ಟು ಹದಿನಾಲ್ಕಕ್ಕೆ ಇಳಿದೆ: ಸೆಕೆಂಡ್ ಹ್ಯಾಂಡ್ ಸ್ವಿಫ್ಟ್, ಮೂರು ವರ್ಷದ ಬಳಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕಾರನ್ನು ನಾನು ತೆಗೆದುಕೊಂಡಿದ್ದೇ ಅದರ ಚಕ್ರ ನೋಡಿ.

2014ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್. ಬಿಳಿ ಬಣ್ಣ, ಕಪ್ಪು ಅಲಾಯ್. ಹಿಂದಿನ ಮಾಲೀಕ ಯಾರೋ ಶೋಕಿಯವನು, 17 ಇಂಚಿನ ರಿಮ್ಮು, ಅದಕ್ಕೆ 205/40 ಟೈರು ಹಾಕಿಸಿದ್ದ. ಅಂಗಡಿಯವನು ಕಾರಿನ ಬಾಗಿಲು ತೆಗೆಯುವ ಮೊದಲು ಚಕ್ರಕ್ಕೆ ಬಟ್ಟೆ ಹಾಕಿ ಒರೆಸಿದ. "ಬರೀ ವೀಲೇ ಅರವತ್ತು ಸಾವಿರದ್ದು ಸಾರ್" ಅಂದ. ನಾನು ಇಂಜಿನ್ ನೋಡಿದೆ, ಸರ್ವೀಸ್ ಪುಸ್ತಕ ನೋಡಿದೆ, ತುಕ್ಕು ಹುಡುಕಿದೆ. ಚಾಲಕನ ಬಾಗಿಲ ಕಂಬದ ಮೇಲೆ ಕಂಪನಿಯವರೇ ಅಂಟಿಸಿರುವ ಟೈರ್ ಸೈಜಿನ ಚೀಟಿ ಮಾತ್ರ ನೋಡಲಿಲ್ಲ. ಅದರಲ್ಲಿ 165/80, 14 ಇಂಚು ಅಂತ ಸ್ಪಷ್ಟವಾಗಿ ಬರೆದಿತ್ತು.

ಇಂಜಿನ್, ಮೈಲೇಜು, ಎಸಿ, ಸೀಟು ಇದೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿ. ನನಗೆ ಅದರ ಬಗ್ಗೆ ತಕರಾರೂ ಇಲ್ಲ. ನನ್ನ ಹತ್ತು ತಿಂಗಳು ತಿಂದಿದ್ದು ಟೈರು.

ನಾನಿರುವುದು ಹಾಸನದಲ್ಲಿ. ಅಮ್ಮ ಇರುವುದು ಸಕಲೇಶಪುರ ದಾಟಿ ಹಾನುಬಾಳು ಕಡೆ. ಶನಿವಾರ ಹೋಗಿ ಭಾನುವಾರ ಬರುವುದು, ವರ್ಷವಿಡೀ ಇದೇ ಓಡಾಟ. ಹಾಸನದಿಂದ ಮಾರನಹಳ್ಳಿವರೆಗಿನ ಆ ಹೆದ್ದಾರಿ ನಾಲ್ಕು ಪಥ ಆಗುತ್ತಾ ಆಗುತ್ತಾ ಎಷ್ಟು ವರ್ಷ ಕಳೆಯಿತು ಅಂತ ಈ ಕಡೆಯವರನ್ನು ಕೇಳಿ. ಒಂದು ತುಂಡು ಕನ್ನಡಿಯಂಥ ಕಾಂಕ್ರೀಟು, ಅದರ ಕೊನೆಗೆ ಇದ್ದಕ್ಕಿದ್ದಂತೆ ಮೆಟ್ಟಿಲು, ಆಮೇಲೆ ಜಲ್ಲಿ, ಮಳೆ ಬಂದರೆ ಕೆರೆ. ಈ ರಸ್ತೆಯಲ್ಲಿ ನನ್ನ ಕಾರು ಓಡಲಿಲ್ಲ, ಕುಟ್ಟಿತು. ಡ್ಯಾಶ್‌ಬೋರ್ಡಿನೊಳಗೆ ಕಿಟಿಕಿಟಿ. ಹಿಂದಿನ ಸೀಟಿನ ಬೆಲ್ಟಿನ ಕೊಕ್ಕೆ ಟಕಟಕ. ಊರಿಂದ ತರುವ ಹಾಲಿನ ಕ್ಯಾನು ಬಾಳುಪೇಟೆ ಬರುವಷ್ಟರಲ್ಲಿ ಮುಚ್ಚಳ ಬಿಟ್ಟುಕೊಳ್ಳುತ್ತಿತ್ತು.

ಗ್ಯಾರೇಜಿಗೆ ಹೋದೆ. "ಶಾಕ್ ಅಬ್ಸಾರ್ಬರ್ ಹೋಗಿದೆ" ಅಂದರು. ಸರಿ, ಮುಂದಿನ ಎರಡೂ ಬದಲಾಯಿಸಿದರು, ಅದರ ಮೇಲಿನ ಮೌಂಟು, ಕೆಳಗಿನ ಆರ್ಮಿನ ಬುಷ್ಷು, ಕೂಲಿ ಎಲ್ಲ ಸೇರಿ 11 ಸಾವಿರ. ಹೊರಗೆ ಬಂದು ಮೊದಲನೇ ಹಂಪು ಹತ್ತಿಸಿದೆ. ಅದೇ ಕುಟ್ಟು! ವಾಪಸ್ ಹೋಗಿ ಕೇಳಿದರೆ "ಹಳೇ ಗಾಡಿ ಸಾರ್, ಇಷ್ಟೇ" ಅಂತ ಉತ್ತರ. ಅಷ್ಟು ಜನ ಕಾರಿನ ಅಡಿಗೆ ಬಗ್ಗಿ ನೋಡಿದರಲ್ಲ, ಒಬ್ಬನಾದರೂ ಟೈರಿನ ಪಕ್ಕೆ ನೋಡಬಾರದಿತ್ತೇ?

ಲೆಕ್ಕ ಬಹಳ ಸುಲಭ. ಟೈರಿನ ಮೇಲಿನ ಮೊದಲ ಸಂಖ್ಯೆ ಅದರ ಅಗಲ, ಮಿಲಿಮೀಟರಿನಲ್ಲಿ. ಎರಡನೇ ಸಂಖ್ಯೆ ಆ ಅಗಲದ ಶೇಕಡಾವಾರು. 165ರ ಶೇಕಡಾ 80 ಅಂದರೆ ರಿಮ್ಮಿನಿಂದ ನೆಲದವರೆಗೆ 132 ಮಿಲಿಮೀಟರ್ ರಬ್ಬರ್ ಪಕ್ಕೆ. ನನ್ನ 205/40ರಲ್ಲಿ ಅದು ಬರೀ 82. ಐದು ಸೆಂಟಿಮೀಟರ್ ಮಾಯ! ಗುಂಡಿಗೆ ಚಕ್ರ ಬಿದ್ದಾಗ ಮೊದಲು ಬಗ್ಗುವುದು ಈ ಪಕ್ಕೆ ಮತ್ತು ಅದರೊಳಗಿನ ಗಾಳಿ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸರದಿ ಆಮೇಲೆ. ಮೊದಲ ದಿಂಬನ್ನೇ ತೆಗೆದುಬಿಟ್ಟರೆ ಹಿಂದಿನದು ಎಷ್ಟು ಹೊಸದಾದರೂ ಏನು? ಜೊತೆಗೆ ಅಷ್ಟು ದೊಡ್ಡ ರಿಮ್ಮಿನ ತೂಕ ಬೇರೆ. ಭಾರದ ಚಕ್ರ ಒಂದು ಸಲ ಮೇಲೆ ನೆಗೆದರೆ ಅದನ್ನು ಹಿಡಿದು ಕೆಳಗಿಳಿಸಲು ಸಸ್ಪೆನ್ಷನ್ ಒದ್ದಾಡುತ್ತದೆ.

ಇನ್ನೊಂದು ತಮಾಷೆ. ಹಾಸನದಿಂದ ಅಮ್ಮನ ಮನೆಗೆ ತಮ್ಮನ ಕಾರಿನ ಮೀಟರಿನಲ್ಲಿ 52 ಕಿಲೋಮೀಟರ್, ನನ್ನದರಲ್ಲಿ 54. ಕಂಪನಿ ಟೈರಿನ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್, ನನ್ನದು 596. ಚಿಕ್ಕ ಚಕ್ರ ಜಾಸ್ತಿ ಸುತ್ತು ಸುತ್ತುತ್ತದೆ, ಮೀಟರು ಅದನ್ನು ದೂರ ಅಂತ ಎಣಿಸುತ್ತದೆ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಮೀಟರ್ ಹಿಂದಕ್ಕೆ ತಿರುಗಿಸುವವರನ್ನು ಕೇಳಿದ್ದೇವೆ, ನನ್ನದು ಮುಂದಕ್ಕೆ ಓಡುತ್ತಿತ್ತು. ಕಾರು ಕೂಡ ಆ ವ್ಯತ್ಯಾಸದ ಅರ್ಧದಷ್ಟು ಕೆಳಗಿಳಿದಿತ್ತು, ಸುಮಾರು 12 ಮಿಲಿಮೀಟರ್. ನಮ್ಮೂರಿನ ಶಾಲೆ ಮುಂದಿನ ಹಂಪಿಗೆ ನಾಲ್ಕು ಜನ ಕೂತರೆ ಹೊಟ್ಟೆ ಉಜ್ಜುತ್ತಿತ್ತು.

ಕೊನೆಗೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ಮೆತ್ತಗಾಗಲಿ ಅಂತ ಗಾಳಿ ಇಳಿಸಿದೆ. 26 ಪಿಎಸ್‌ಐಗೆ! ಸ್ವಲ್ಪ ಮೆತ್ತಗಾಯಿತು ಅಂತ ಖುಷಿಯೂ ಪಟ್ಟೆ. ತೆಳ್ಳನೆ ಟೈರಿಗೆ ಗಾಳಿ ಕಡಿಮೆ ಮಾಡಿದರೆ ರಿಮ್ಮನ್ನು ನೇರವಾಗಿ ಗುಂಡಿಯ ಅಂಚಿಗೆ ಒಪ್ಪಿಸಿದ ಹಾಗೆ. ಇದು ನನಗೆ ಗೊತ್ತಾಗಿದ್ದು ಜುಲೈ ತಿಂಗಳ ಒಂದು ಸಂಜೆ.

ಅಮ್ಮನ ಸೊಂಟನೋವಿಗೆ ಹಾಸನಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಬರುತ್ತಿದ್ದೆ. ಜೋರು ಮಳೆ. ನೀರು ತುಂಬಿದ ಗುಂಡಿ ಕಾಣಲಿಲ್ಲ. ಠಪ್ ಅಂತ ಒಂದು ಸದ್ದು, ಸ್ಟೇರಿಂಗು ಎಡಕ್ಕೆ ಎಳೆಯಿತು. ಇಳಿದು ನೋಡಿದರೆ ಮುಂದಿನ ಎಡಗಡೆಯ ರಿಮ್ಮಿನ ಅಂಚು ಒಳಕ್ಕೆ ಮಡಿಚಿತ್ತು. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ. ಪುಣ್ಯಕ್ಕೆ ಪಂಕ್ಚರ್ ಅಂಗಡಿ ಹತ್ತಿರದಲ್ಲೇ ಇತ್ತು. ಆತ ನೋಡಿ ನಕ್ಕ. "ಈ ಸೈಜು ಇಲ್ಲಿ ಎಲ್ಲೂ ಸಿಗಲ್ಲ, ಬೆಂಗಳೂರಿಂದ ತರಿಸಬೇಕು" ಅಂದ. ಡಿಕ್ಕಿಯಲ್ಲಿ ಕಂಪನಿಯ ಹಳೇ ಸ್ಟೆಪ್ನಿ ಇತ್ತು, ಕಬ್ಬಿಣದ ರಿಮ್ಮು, 165/80, ಅದೇ ಹದಿನಾಲ್ಕು ಇಂಚು. ಆತ ತಿಳಿದವನು. ಬೇರೆ ಎತ್ತರದ ಚಕ್ರ ಮುಂದೆ ಬೇಡ, ಎಳೆಯುವ ಚಕ್ರಗಳು ಮುಂದಿನವು, ಎತ್ತರ ವ್ಯತ್ಯಾಸ ಆದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್‌ಬಾಕ್ಸಿನ ಡಿಫರೆನ್ಷಿಯಲ್‌ಗೆ ಪೆಟ್ಟು ಅಂತ ಹೇಳಿ, ಹಿಂದಿನ ಎಡಗಡೆಯ ಒಳ್ಳೆ ಚಕ್ರ ಬಿಚ್ಚಿ ಮುಂದೆ ಹಾಕಿದ. ಸ್ಟೆಪ್ನಿ ಹಿಂದೆ ಹೋಯಿತು. ನಿಧಾನಕ್ಕೆ ಹೋಗಿ ಅಂದ. ನಾನು ಐವತ್ತು ದಾಟಲಿಲ್ಲ.

ಆಲೂರು ಬರುವಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ. "ಇವತ್ತು ನನ್ನ ಕಡೆ ಎತ್ತಾಕ್ತಿಲ್ಲ ಕಣೋ, ಏನ್ ಮಾಡ್ಸಿದೆ?"

ಅವಳು ಕೂರುವುದು ಯಾವಾಗಲೂ ಹಿಂದೆ ಎಡಗಡೆ. ಸರಿಯಾಗಿ ಆ ಸ್ಟೆಪ್ನಿ ಮೇಲೆ. ಹನ್ನೊಂದು ಸಾವಿರ ಕೊಟ್ಟು ರಿಪೇರಿ ಮಾಡಿಸಿದಾಗ ಬಾಯಿಬಿಡದ ಅಮ್ಮ, ವರ್ಷಗಟ್ಟಲೆ ಡಿಕ್ಕಿಯಲ್ಲಿ ಬಿದ್ದಿದ್ದ ಟೈರಿಗೆ ಸರ್ಟಿಫಿಕೇಟ್ ಕೊಟ್ಟಳು. ಮನೆಗೆ ಬಂದು ಆ ಟೈರಿನ ಪಕ್ಕೆ ನೋಡಿದೆ. ಕೊನೆಯ ನಾಲ್ಕು ಅಂಕಿ 1114. ಅಂದರೆ 2014ರ ಹನ್ನೊಂದನೇ ವಾರ ತಯಾರಾದದ್ದು. ಇಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಅದನ್ನು ನಂಬಿ ಓಡಿಸಬಾರದು. ಆದರೂ ಅದು ನನ್ನ ಶೋಕಿ ಟೈರಿಗಿಂತ ಮೆತ್ತಗಿತ್ತು!

ಮರುವಾರವೇ ಎಲ್ಲ ಬಿಚ್ಚಿಸಿದೆ. ಹಳೇ ರಿಮ್ಮು ಮಾರುವವನ ಹತ್ತಿರ ಇದೇ ಕಾರಿನ ನಾಲ್ಕು ಕಬ್ಬಿಣದ ರಿಮ್ಮು 4 ಸಾವಿರಕ್ಕೆ ಸಿಕ್ಕವು. ಹೊಸ ಟೈರು ನಾಲ್ಕಕ್ಕೆ 17,200. ಹಳೇ ಅಲಾಯ್‌ಗಳನ್ನು, ಒಂದು ಮಡಿಚಿದ್ದರೂ, ಒಬ್ಬ ಹುಡುಗ 18 ಸಾವಿರ ಕೊಟ್ಟು ಹೊತ್ತುಕೊಂಡು ಹೋದ. ಕೈಯಿಂದ ಹೋಗಿದ್ದು ಮೂರು ಸಾವಿರ ಚಿಲ್ಲರೆ, ಅಲೈನ್‌ಮೆಂಟು ಬ್ಯಾಲೆನ್ಸಿಂಗು ಬೇರೆ. 90ರ ಮೇಲೆ ಸ್ಟೇರಿಂಗ್ ನಡುಗುತ್ತಿತ್ತು, ಮೂರು ಸಲ ಬ್ಯಾಲೆನ್ಸ್ ಮಾಡಿಸಿದ್ದರೂ ಹೋಗಿರಲಿಲ್ಲ. ಅದೂ ಹೋಯಿತು. ಆ ಅಲಾಯ್‌ಗಳ ನಡುವಿನ ತೂತು ಚಕ್ರ ಕೂರುವ ಹಬ್ಬಿಗಿಂತ ದೊಡ್ಡದಿತ್ತಂತೆ, ಮಧ್ಯೆ ಹಾಕಬೇಕಾದ ಉಂಗುರ ಹಾಕಿರಲೇ ಇಲ್ಲ.

ಇದಾಗಿ ಎರಡು ವರ್ಷದ ಮೇಲಾಯಿತು, 26 ಸಾವಿರ ಕಿಲೋಮೀಟರ್ ಓಡಿಸಿದ್ದೇನೆ. ಈಗ ಭಾನುವಾರ ಬೆಳಗ್ಗೆ ನನಗೊಂದು ಕೆಲಸ. ಅಮ್ಮ ಕಾಫಿ ಸೋಸುವ ಹೊತ್ತಿಗೆ, ಕಾರಿಗೆ ಇನ್ನೂ ಬಿಸಿಲು ತಾಗದಿರುವಾಗ, ಗೇಜು ಹಿಡಿದು ನಾಲ್ಕೂ ಚಕ್ರಕ್ಕೆ ಒಂದು ಸುತ್ತು. ಕ್ಯಾಪ್ ತಿರುಗಿಸಿ, ಪುಸ್ ಅನ್ನಿಸಿ, ಓದಿ, ಕ್ಯಾಪ್ ಹಾಕಿ. ಟೈರು ತಣ್ಣಗಿರುವಾಗಲೇ ನೋಡಬೇಕು, ಓಡಿಸಿ ಬಂದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತದೆ. ಕಡಿಮೆ ಇದ್ದರೆ ಕಾಲಿನ ಪಂಪು. ಬಾಗಿಲ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ, ಒಂದು ಕಾಳು ಹೆಚ್ಚಿಲ್ಲ. ಪೆಟ್ರೋಲ್ ಬಂಕಿನ ಹುಡುಗರು ಕೇಳದೆ 35 ಹೊಡೆದು ಕಳಿಸುತ್ತಾರೆ, ಆಗ ಈ ದಪ್ಪ ಟೈರೂ ಕಲ್ಲಿನ ಹಾಗೆ ನೆಗೆಯುತ್ತದೆ. ಆಮೇಲೆ ಟೈರಿನ ಹಲ್ಲಿನ ಸಂದಿಯ ಜಲ್ಲಿ ಕೀಳುವುದು, ಸ್ಕ್ರೂಡ್ರೈವರಿನಲ್ಲಿ ಒಂದೊಂದೇ. ಮಗಳು ಎಣಿಸುತ್ತಾಳೆ. ಕಾಫಿ ಆರುವವರೆಗೆ ಅದೇ ಆಟ.

ಹಾಗಂತ ಹಳೇ ಚಕ್ರಕ್ಕೆ ಬರೀ ಬೈಗುಳ ಹಾಕುವುದೂ ಸರಿಯಲ್ಲ. ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಆ ಕಾಂಕ್ರೀಟ್ ತಿರುವುಗಳಲ್ಲಿ, 17 ಇಂಚು ಹಾಕಿದ್ದ ಕಾರು ಹಳಿ ಮೇಲಿದ್ದಂತೆ ತಿರುಗುತ್ತಿತ್ತು. ಸ್ಟೇರಿಂಗ್ ಒಂದು ನೂಲು ತಿರುಗಿಸಿದರೆ ಸಾಕು, ಮೂತಿ ಆ ಕಡೆ. ಈಗ ತಿರುವಿನಲ್ಲಿ ಟೈರಿನ ಪಕ್ಕೆ ಮೊದಲು ಬಗ್ಗುತ್ತದೆ, ಆಮೇಲೆ ಕಾರು ತಿರುಗುತ್ತದೆ. ಮೈ ಸ್ವಲ್ಪ ವಾಲುತ್ತದೆ. ಕಡಿಮೆ ಅಗಲದ ಟೈರು, ಹಿಡಿತವೂ ಕಡಿಮೆ, ಹಾಗಾಗಿ ಬ್ರೇಕ್ ಹಾಕುವಾಗ ಮುಂದಿನ ಗಾಡಿಗೆ ಜಾಸ್ತಿ ಜಾಗ ಬಿಡುತ್ತೇನೆ. ಒಬ್ಬನೇ ಮಂಗಳೂರಿಗೆ ಹೋಗುವಾಗ ಆ ಹಳೇ ಚಕ್ರ ನೆನಪಾಗುತ್ತದೆ, ಸುಳ್ಳೇಕೆ ಹೇಳಲಿ. ನೋಡಲೂ ಈಗ ಕಾರು ಸೀರೆಯ ಕೆಳಗೆ ಬಾತ್‌ರೂಮ್ ಚಪ್ಪಲಿ ಹಾಕಿಕೊಂಡಂತಿದೆ. 900 ರೂಪಾಯಿಯ ವೀಲ್ ಕ್ಯಾಪ್ ಹಾಕಿದ್ದೆ, ಅದರಲ್ಲೊಂದು ಪಾಳ್ಯದ ಹತ್ತಿರ ಉರುಳಿಕೊಂಡು ಹೋಯಿತು. ಉಳಿದ ಮೂರನ್ನೂ ಕಿತ್ತಿಟ್ಟೆ.

ಮೈಲೇಜು ಕೇಳುತ್ತೀರಿ. ಮೊದಲು 17 ಬರುತ್ತಿತ್ತು ಅಂದುಕೊಂಡಿದ್ದೆ. ಮೀಟರಿನ ಸುಳ್ಳು ಕಳೆದರೆ 16 ಚಿಲ್ಲರೆ. ಈಗ ನಿಜವಾಗಿ ಹದಿನೆಂಟರ ಮೇಲೆ ಬರುತ್ತಿದೆ.

ಇದನ್ನು ಓದಿ ದೊಡ್ಡ ರಿಮ್ಮೇ ಕೆಟ್ಟದ್ದು ಅಂದುಕೊಳ್ಳಬೇಡಿ. ಇದೇ ಸ್ವಿಫ್ಟಿನ ಮೇಲಿನ ಮಾಡೆಲ್ ಝಡ್‌ಎಕ್ಸ್‌ಐಗೆ ಕಂಪನಿಯವರೇ 185/65, 15 ಇಂಚು ಕೊಟ್ಟಿದ್ದರು. ಅದರ ಪಕ್ಕೆ 120 ಮಿಲಿಮೀಟರ್, ಒಟ್ಟು ಎತ್ತರ ಹೆಚ್ಚುಕಮ್ಮಿ ನನ್ನದರಷ್ಟೇ. ಕ್ರೆಟಾದಲ್ಲಿ ಕೆಳಗಿನ ಮಾಡೆಲಿಗೆ 205/65, 16 ಇಂಚು, ಮೇಲಿನದಕ್ಕೆ 215/60, 17 ಇಂಚು ಬಂದಿದೆ. ರಿಮ್ಮು ಒಂದು ಇಂಚು ಬೆಳೆದರೂ ಪಕ್ಕೆ ಕಮ್ಮಿಯಾಗಿದ್ದು ನಾಲ್ಕೇ ಮಿಲಿಮೀಟರ್. ರಿಮ್ಮಿನ ಇಂಚು ಕೇಳುವ ಬದಲು ರಬ್ಬರ್ ಎಷ್ಟು ಉಳಿದಿದೆ ಅಂತ ಕೇಳಿ. ಹಳೇ ಕಾರು ನೋಡಲು ಹೋದಾಗ ಬಾಗಿಲು ತೆಗೆದು ಚೀಟಿ ಓದಿ, ಟೈರಿನ ಮೇಲೆ ಬರೆದಿದ್ದಕ್ಕೆ ತಾಳೆ ನೋಡಿ, ಡಿಕ್ಕಿ ಎತ್ತಿ ಸ್ಟೆಪ್ನಿ ಯಾವ ಸೈಜು ಅಂತಲೂ ನೋಡಿ. ಓಡಿಸಿ ನೋಡುವಾಗ ಅಂಗಡಿಯವನು ತೋರಿಸುವ ರಿಂಗ್ ರೋಡ್ ಬೇಡ, ಯಾವುದಾದರೂ ಅಗೆದ ಬೀದಿಗೆ ನುಗ್ಗಿಸಿ. ಆಗ ನೀವು ಹಿಂದಿನ ಸೀಟಿನಲ್ಲಿ ಕೂತಿರಿ, ಓಡಿಸಲು ಬೇರೆಯವರಿಗೆ ಹೇಳಿ.

ನನ್ನ ಟೈರಿನಲ್ಲಿ ಇನ್ನೂ ಒಂದು ವರ್ಷದ ಹಲ್ಲಿದೆ. ಮುಂದಿನ ಸೆಟ್ 15 ಇಂಚು ಹಾಕಿಸೋಣ ಅಂತ ಒಳಗೊಳಗೇ ಆಸೆ, ಶಿರಾಡಿಯ ತಿರುವಿಗೋಸ್ಕರ. ಸ್ನೇಹಿತನೊಬ್ಬನ ಝಡ್‌ಎಕ್ಸ್‌ಐ ಇದೆ. ಒಂದು ಶನಿವಾರ ಅದನ್ನು ಕೇಳಿ ತಂದು, ಏನೂ ಹೇಳದೆ ಅಮ್ಮನನ್ನು ಹಿಂದೆ ಎಡಗಡೆ ಕೂರಿಸಿ, ಆಲೂರಿನವರೆಗೆ ಓಡಿಸಿ ನೋಡಬೇಕು.