ಹಣ ಕಟ್ಟಿಯೂ ದಂಡ ತೆತ್ತೆ: ಜರ್ಮನಿಗೆ ಓದಲು ಬರುವವರಿಗೆ ಎಚ್ಚರಿಕೆ

ಸೆಮಿಸ್ಟರ್ ಶುಲ್ಕ ಕಟ್ಟಿದ ಮಾತ್ರಕ್ಕೆ ಪ್ರಯಾಣದ ಟಿಕೆಟ್ ಕೈಗೆ ಬಂತು ಎಂದು ನಂಬಬೇಡಿ. ಚಳಿಗಾಲದ ಸೆಮಿಸ್ಟರಿನ ಶುಲ್ಕವನ್ನು ನಾನು ಜುಲೈನಲ್ಲೇ ಕಟ್ಟಿದ್ದೆ. ಆರು ತಿಂಗಳ ಟಿಕೆಟ್ಟಿನ ಹಣವೂ ಅದರಲ್ಲೇ ಸೇರಿತ್ತು. ಆದರೂ ಅಕ್ಟೋಬರ್ ಮೊದಲ ವಾರದಲ್ಲಿ ಟ್ರಾಮಿನೊಳಗೆ ಟಿಕೆಟ್ ಇಲ್ಲದವನೆಂದು 60 ಯೂರೊ ದಂಡ ಹಾಕಿಸಿಕೊಂಡೆ.

ಬೇಸಿಗೆ ಸೆಮಿಸ್ಟರಿನ ಟಿಕೆಟ್ಟಿಗೆ ಸೆಪ್ಟೆಂಬರ್ 30 ಕೊನೆಯ ದಿನ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಹೊಸದು ಆ್ಯಪಿನಲ್ಲಿ ತಾನಾಗಿ ಬರುವುದಿಲ್ಲ. ಲಾಗಿನ್ ಆಗಿ ಮತ್ತೊಮ್ಮೆ ಪಡೆದುಕೊಳ್ಳಬೇಕು. ನಮ್ಮಲ್ಲಿ ಶುಲ್ಕದ ನೆನಪೋಲೆಗಳು ಸಾಲುಸಾಲಾಗಿ ಬಂದವು, ಈ ವಿಷಯ ಮಾತ್ರ ಯಾವುದರಲ್ಲೂ ಇರಲಿಲ್ಲ. ಹಣ ವಸೂಲಿಯಲ್ಲಿ ಇರುವ ಶ್ರದ್ಧೆ ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ!

ನಮ್ಮ ಮೆಟ್ರೊದಂತೆ ಇಲ್ಲಿ ಗೇಟು ತಡೆಯುವುದಿಲ್ಲ, ಟಿಕೆಟ್ ಕೇಳುತ್ತಾ ನಿರ್ವಾಹಕರೂ ಬರುವುದಿಲ್ಲ. ಹತ್ತುವವರನ್ನು ಯಾರೂ ತಡೆಯದ ಕಾರಣ ಎಲ್ಲ ಸರಿಯಿದೆ ಎಂದೇ ಅನ್ನಿಸುತ್ತದೆ. ಬಾಗಿಲು ಮುಚ್ಚಿ ಗಾಡಿ ಹೊರಟ ಮೇಲೆ, ಅಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿದ್ದ ಜಾಕೆಟ್ಟಿನ ಮನುಷ್ಯ ಕೊರಳಪಟ್ಟಿಯ ಗುರುತಿನ ಚೀಟಿ ಹೊರತೆಗೆದು ತಪಾಸಣೆ ಶುರು ಮಾಡಿದ. ನನ್ನ ಫೋನಿನ ಮೇಲೆ ಯಂತ್ರ ಹಿಡಿದರೆ ಕೆಂಪು ದೀಪ. ಅವನೆದುರೇ ಲಾಗಿನ್ ಆಗಿ ಹೊಸ ಟಿಕೆಟ್ ಪಡೆದು ತೋರಿಸಿದೆ. ಅವನು ಪರದೆಯ ಕೆಳಗಿನ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟ: ಟಿಕೆಟ್ ನೀಡಿದ ಸಮಯ. ನಾನು ಟ್ರಾಮ್ ಹತ್ತಿದ್ದು ಅದಕ್ಕಿಂತ ಮೊದಲು. ಅಲ್ಲಿಗೆ ಮಾತು ಮುಗಿಯಿತು.

ಹೆಸರಿನಲ್ಲಿ ಟಿಕೆಟ್ ಇದ್ದು, ಆ ಹೊತ್ತಿಗೆ ತೋರಿಸಲಾಗದಿದ್ದರೆ (ಫೋನ್ ಸತ್ತಿದ್ದರೆ, ಕಾರ್ಡು ಮನೆಯಲ್ಲಿದ್ದರೆ) ಒಂದು ವಾರದೊಳಗೆ ಕಚೇರಿಗೆ ಹೋಗಿ ತೋರಿಸಿ. ದಂಡ ಸಾಮಾನ್ಯವಾಗಿ 7 ಯೂರೊಗೆ ಇಳಿಯುತ್ತದೆ. ಅದೇ ಆಸೆಯಿಂದ ಶುಲ್ಕದ ರಸೀದಿ ಹಿಡಿದು ಹೋದೆ. ಕೌಂಟರಿನ ಮಹಿಳೆ ಸೌಜನ್ಯದಿಂದಲೇ ಎಲ್ಲವನ್ನೂ ಓದಿ, ರಸೀದಿ ಟಿಕೆಟ್ ಆಗುವುದಿಲ್ಲ ಎಂದು ವಾಪಸು ಕೊಟ್ಟರು. ತಿಂಗಳುಗಳ ಹಿಂದೆಯೇ ಹಣ ಪಡೆದ ಟಿಕೆಟ್ಟಿಗೆ ಮತ್ತೆ ದಂಡ ಕೇಳುವುದು ನ್ಯಾಯವಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಅಲ್ಲಿ ನಡೆಯುವುದು ಸಮಯದ ಆ ಸಾಲು ಮಾತ್ರ.

ಕೆಲವು ಸೀನಿಯರುಗಳು "ಚೀಟಿ ಹರಿದು ಬಿಸಾಡು, ಯಾರೂ ಹುಡುಕಿ ಬರುವುದಿಲ್ಲ" ಎನ್ನುತ್ತಾರೆ. ಕೇಳಬೇಡಿ. ಕಟ್ಟದಿದ್ದರೆ ಜ್ಞಾಪನಾ ಶುಲ್ಕ ಸೇರುತ್ತದೆ, ಬಳಿಕ ಸಾಲ ವಸೂಲಿ ಸಂಸ್ಥೆಯ ಪತ್ರ ಬರುತ್ತದೆ. ಟಿಕೆಟ್ ಇಲ್ಲದೆ ಪ್ರಯಾಣಿಸುವುದು ಜರ್ಮನ್ ದಂಡ ಸಂಹಿತೆಯ 265ಎ ಕಲಮಿನಡಿ ಅಪರಾಧ. ಪದೇಪದೇ ಸಿಕ್ಕಿಬಿದ್ದವರ ಮೇಲೆ ದೂರು ದಾಖಲಾಗಬಹುದು.

ವಾಟ್ಸಾಪ್ ಗುಂಪುಗಳಲ್ಲಿ ಅರ್ಧ ಬೆಲೆಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ (ಜರ್ಮನಿಯ ಎಲ್ಲ ಊರುಗಳ ಬಸ್ಸು, ಟ್ರಾಮು, ಸ್ಥಳೀಯ ರೈಲುಗಳಿಗೆ ಸಲ್ಲುವ ಟಿಕೆಟ್) ಮಾರುವವರಿಂದಂತೂ ದೂರವಿರಿ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದ ಆ ಮಾಸಿಕ ಟಿಕೆಟ್ 2025ರಲ್ಲಿ 58 ಯೂರೊ ಆಯಿತು, ಆಮೇಲೂ ಏರಿದೆ. ಅಗ್ಗದ್ದು ಕಂಡರೆ ಕೈ ಚಾಚುವುದು ಸಹಜ. ಕದ್ದ ಬ್ಯಾಂಕ್ ಖಾತೆಗಳಿಂದ ಕೊಂಡ ಟಿಕೆಟ್ಟುಗಳೂ ಹೀಗೆ ಮಾರಾಟವಾಗುತ್ತವೆ. ಖಾತೆದಾರ ದೂರು ಕೊಟ್ಟರೆ ಟಿಕೆಟ್ ರದ್ದು, ಮಾರಿದವನು ನಾಪತ್ತೆ. ಅದು ಹೆಸರಿಗೆ ಬರೆದ ಟಿಕೆಟ್ಟಾದ್ದರಿಂದ ಗೆಳೆಯನದನ್ನೂ ಬಳಸುವಂತಿಲ್ಲ. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ. ಐಸಿಇಯಂಥ ದೂರದ ವೇಗದ ರೈಲುಗಳಿಗೆ ಈ ಟಿಕೆಟ್ ಸಲ್ಲುವುದಿಲ್ಲ.

ಬಿಡಿ ಟಿಕೆಟ್ ಕೊಳ್ಳುವವರು ಊರಿನ ಪದ್ಧತಿ ಕೇಳಿಕೊಳ್ಳಿ. ಮ್ಯೂನಿಕ್‌ನಲ್ಲಿ ಕಾಗದದ ಟಿಕೆಟ್ಟಿಗೆ ಯಂತ್ರದಲ್ಲಿ ಮುದ್ರೆ ಒತ್ತದೆ ಹತ್ತಿದರೆ ದಂಡ ಬೀಳುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಆ ಯಂತ್ರದ ಗೊಡವೆಯೇ ಇಲ್ಲ.

ಹೊಸ ಸೆಮಿಸ್ಟರ್ ಶುರುವಾಗುವ ಅಕ್ಟೋಬರ್ 1 ಮತ್ತು ಏಪ್ರಿಲ್ 1ರ ಬೆಳಿಗ್ಗೆ ಮನೆಯ ವೈಫೈ ಇರುವಾಗಲೇ ಆ್ಯಪ್ ತೆರೆದು ದಿನಾಂಕ ನೋಡಿ. ದಂಡದ ಚೀಟಿ ಸಿಕ್ಕರೆ ಅದರ ಫೋಟೊ ತೆಗೆದಿಟ್ಟುಕೊಂಡು, ಆಕ್ಷೇಪವಿದ್ದರೆ ಗಡುವಿನೊಳಗೆ ಬರವಣಿಗೆಯಲ್ಲೇ ಸಲ್ಲಿಸಿ. ಬಾಡಿಗೆ ಕೋಣೆಗೆ ಹೊಸದಾಗಿ ಬಂದವರು ಅಂಚೆಪೆಟ್ಟಿಗೆಯ ಮೇಲೆ ತಮ್ಮ ಹೆಸರು ಅಂಟಿಸಿ. ಹೆಸರಿಲ್ಲದಿದ್ದರೆ ಪತ್ರ ಹಿಂದಿರುಗುತ್ತದೆ, ನಿಮಗೆ ಗೊತ್ತಾಗುವಷ್ಟರಲ್ಲಿ ದಂಡದ ಮೊತ್ತ ಬೆಳೆದಿರುತ್ತದೆ.